ಮೀನುಗನ್ನಡಿ

ಅಮೆರಿಕದಲ್ಲಿರುವ ಮಗಳ ಮನೆಗೆ ಹೋದ ತಾಯಂದಿರು ಅಲ್ಲಿ ಏನೇನು ಹಾಳು ಮಾಡಿ ಬರುತ್ತಾರೆ ಎಂಬುದು ನಾವು ನಾಲ್ಕು ಹೆಂಗಸರು ಕೂತಾಗ ಬಂದೇ ಬರುವ ಮಾತು. ಒಬ್ಬರು ಪಾತ್ರೆ ತೊಳೆಯುವ ಯಂತ್ರಕ್ಕೆ ಕೈಯಲ್ಲಿ ತಿಕ್ಕುವ ಸೋಪು ಸುರಿದು ಅಡಿಗೆಮನೆ ತುಂಬ ನೊರೆ ಎಬ್ಬಿಸಿದ್ದಾರೆ. ಇನ್ನೊಬ್ಬರು ಒಣಮೆಣಸಿನ ಒಗ್ಗರಣೆ ಹಾಕಿ ಹೊಗೆಯ ಗಂಟೆ ಬಾರಿಸಿ ಇಡೀ ಕಟ್ಟಡದವರನ್ನು ಬೀದಿಗೆ ಇಳಿಸಿದ್ದಾರೆ. ನನ್ನದು ಇವರೆಲ್ಲರಿಗಿಂತ ಒಂದು ಕೈ ಮೇಲು. ನಾನು ಮೊಮ್ಮಗನ ಫಿಶ್ ಫೈಂಡರನ್ನು ಕೆಡಿಸಿದೆ.

ಮಗಳ ಮನೆ ಇರುವುದು ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಊರಿನಿಂದ ಉತ್ತರಕ್ಕೆ. ಕಾರಿನಲ್ಲಿ ಅರ್ಧ ಗಂಟೆ ಹೋದರೆ ಲೇನಿಯರ್ ಎಂಬ ಸರೋವರ. ಸರೋವರ ಎಂದಾಗ ನಮ್ಮ ಸಾಗರದ ಗಣಪತಿ ಕೆರೆಯನ್ನು ನೆನೆಯಬೇಡಿ. ಸುಮಾರು 38 ಸಾವಿರ ಎಕರೆ ನೀರು. ನನ್ನ ಮೊಮ್ಮಗನಿಗೆ ಹದಿನಾಲ್ಕು ವರ್ಷ. ಶನಿವಾರ ಬಂದರೆ ಅವನು ಮನೆಯಲ್ಲಿ ನಿಲ್ಲುವುದಿಲ್ಲ. ಪ್ಲಾಸ್ಟಿಕ್ಕಿನ ಉದ್ದನೆಯ ಸಪೂರ ದೋಣಿ, ಅದಕ್ಕೆ ಕಯಾಕ್ ಎನ್ನುತ್ತಾರೆ, ಅದನ್ನು ಕಾರಿನ ತಲೆಯ ಮೇಲೆ ಕಟ್ಟಿಸಿಕೊಂಡು ಅಪ್ಪನ ಜೊತೆ ಮೀನು ಹಿಡಿಯಲು ಹೊರಟುಬಿಡುತ್ತಾನೆ. ಮಗಳು “ಎಲ್ಲಿಂದ ಬಂತೋ ಈ ಹುಚ್ಚು” ಎಂದು ಗೊಣಗುತ್ತಾಳೆ. ಎಲ್ಲಿಂದ ಬಂತೆಂದು ನನಗೆ ಗೊತ್ತು. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತುಮೀನು ಏರುವಾಗ, ರಾತ್ರಿ ಲಾಟೀನು ಹಿಡಿದು ಕೂಣಿ ಒಡ್ಡಲು ಓಡುತ್ತಿದ್ದ ವಂಶ ನಮ್ಮದು. ನಡುವೆ ಮಗಳೊಬ್ಬಳು ಕಂಪ್ಯೂಟರ್ ಓದಿ ತಪ್ಪಿಸಿಕೊಂಡಳು, ಅಷ್ಟೆ.

ಅವನ ಕಯಾಕಿಗೆ ಒಂದು ಪುಟ್ಟ ಪರದೆ ಜೋಡಿಸಿತ್ತು. ನೆರೆಯವರ ಹುಲ್ಲು ಕತ್ತರಿಸಿ ಕೂಡಿಸಿದ ದುಡ್ಡಿನಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಕೊಂಡಿದ್ದ. ಒಂದು ದಿನ ಅದು ಗ್ಯಾರೇಜಿನಲ್ಲಿ ಕೆಸರು ಚುಕ್ಕೆ ಹೊತ್ತು ಕೂತಿದ್ದನ್ನು ಕಂಡೆ. ಕಿಟಕಿ ಗಾಜು ಒರೆಸುವ ನೀಲಿ ದ್ರಾವಣ ಕೈಯಲ್ಲೇ ಇತ್ತು. ಎರಡು ಸಲ ಫುಸ್ ಎನ್ನಿಸಿ, ಅಡಿಗೆಮನೆಯ ಒರಟು ಬಟ್ಟೆಯಲ್ಲಿ ಲಕಲಕ ಎನ್ನುವ ಹಾಗೆ ತಿಕ್ಕಿದೆ. ಮೂವತ್ತು ವರ್ಷ ಶಾಲೆಯ ಕರಿಹಲಗೆ ಒರೆಸಿದ ಕೈ. ಸಂಜೆ ಅವನು ಬಂದು ನೋಡಿದರೆ ಪರದೆಯ ತುಂಬ ಪೊರೆ ಬಂದ ಕಣ್ಣಿನ ಹಾಗೆ ಮಸುಕು. ಪರದೆಯ ಮೇಲೆ ಬಿಸಿಲು ಹೊಳೆಯದಂತೆ ತೆಳ್ಳನೆಯ ಲೇಪ ಇರುತ್ತದಂತೆ. ಅಮೋನಿಯ ಇರುವ ದ್ರಾವಣ ತಾಗಿದರೆ ಅದು ಕೆಡುತ್ತದೆ. ಮೆತ್ತನೆಯ ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಒರೆಸಬೇಕಿತ್ತು.

ಹುಡುಗ ಕೂಗಾಡಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. ಅವನು “ಪರವಾಗಿಲ್ಲ ಅಜ್ಜಿ” ಎಂದು ಒಳಗೆ ಹೋದ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಬೆಳಿಗ್ಗೆ ಎದ್ದವಳೇ, “ಹೊಸದು ನಾನೇ ಕೊಡಿಸ್ತೀನಿ, ನನ್ನ ಪೆನ್ಶನ್ ದುಡ್ಡಲ್ಲಿ. ಆದರೆ ಅದು ಏನು, ಹೆಂಗೆ ಅಂತ ನನಗೆ ಅರ್ಥ ಆಗೋ ಹಂಗೆ ಹೇಳಿದ ಮೇಲೆ” ಎಂದೆ. ಮೇಷ್ಟ್ರಿಣಿಯರಿಗೆ ಅರ್ಥವಾಗದ ವಸ್ತುವಿಗೆ ದುಡ್ಡು ಬಿಚ್ಚುವ ಅಭ್ಯಾಸವಿಲ್ಲ.

ಹೇಳಿದ. ಅವನ ಅರ್ಧ ಕನ್ನಡದಲ್ಲಿ ನನಗೆ ತಿಳಿದದ್ದು ಇಷ್ಟು. ಬಾವಿಗೆ ಕಲ್ಲು ಹಾಕಿ ಸದ್ದು ಬರುವವರೆಗೆ ಎಣಿಸಿ ನಾವು ಆಳ ಅಂದಾಜು ಮಾಡುತ್ತೇವಲ್ಲ, ಇದೂ ಹೆಚ್ಚುಕಡಿಮೆ ಅದೇ. ನೀರಿನಲ್ಲಿ ಮುಳುಗಿರುವ ಟ್ರಾನ್ಸ್‌ಡ್ಯೂಸರ್ ಎಂಬ ಸಣ್ಣ ತುಂಡು ನಮ್ಮ ಕಿವಿಗೆ ಕೇಳದ ಸದ್ದನ್ನು ಕೆಳಗೆ ಕಳಿಸುತ್ತದೆ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ತಳಕ್ಕೋ ಮೀನಿಗೋ ಬಡಿದು ಮರಳಿ ಬರಲು ಎಷ್ಟು ಹೊತ್ತಾಯಿತು ಎಂದು ಲೆಕ್ಕ ಹಾಕಿ ಯಂತ್ರ ಆಳ ಹೇಳುತ್ತದೆ. ಜಪಾನಿನ ಫುರುನೊ ಎಂಬ ಕಂಪನಿಯವರು ಮೀನುಗಾರರ ದೋಣಿಗೆ ಒಗ್ಗುವಂತೆ ಇದನ್ನು 1948ರಲ್ಲಿ ಮಾಡಿ ತೋರಿಸಿದರು. ಇವತ್ತು ಅದು ಹುಡುಗರ ಆಟದ ದೋಣಿಗೂ ಬಂದಿದೆ. ಫಿಶ್ ಫೈಂಡರ್ ಎನ್ನಲು ನನ್ನ ನಾಲಿಗೆ ತೊಡರುತ್ತಿತ್ತು. ಮೀನುಗನ್ನಡಿ ಎಂದು ಹೆಸರಿಟ್ಟೆ. ಅವನಿಗೂ ಹಿಡಿಸಿತು.

ಇನ್ನು ಕೊಳ್ಳುವ ಕತೆ. ಸೀರೆ ಅಂಗಡಿಗೆ ಹೋದ ಹಾಗೆಯೇ. ಅಂಗಡಿಯವನು ಮೊದಲು ಬಿಚ್ಚುವುದು ನಮ್ಮ ಕೈಗೆ ಎಟುಕದ್ದನ್ನು. ಗಾರ್ಮಿನ್, ಹಮ್ಮಿನ್‌ಬರ್ಡ್, ಲಾರೆನ್ಸ್ ಎಂದು ಮೂರು ಹೆಸರು ಸಾಲಾಗಿ ನಿಂತಿದ್ದವು. ಅಂಗೈಯಗಲದ ಪರದೆಯಿಂದ ಹಿಡಿದು ಹೋಳಿಗೆ ಮಣೆಯಷ್ಟು ದೊಡ್ಡದರವರೆಗೆ ಇದ್ದವು. ಮೊಮ್ಮಗನ ಕಣ್ಣು ಏಳು ಅಂಗುಲದ್ದರ ಮೇಲೆ. ಅದರಲ್ಲಿ ದೋಣಿಯ ಎಡಬಲದ ನೀರಿನೊಳಗೂ ನೋಡುವ ವ್ಯವಸ್ಥೆ ಇತ್ತು. ಮೀನು ಈಜುವುದನ್ನು ಸಿನಿಮಾದಂತೆ ಆ ಕ್ಷಣಕ್ಕೇ ತೋರಿಸುವಂಥದೂ ಇತ್ತು. ಅದರ ಬೆಲೆ ಕೇಳಿ ನಾನು ಕುರ್ಚಿ ಹುಡುಕಿದೆ.

“ನೀನು ಹೋಗೋದು ಎಲ್ಲಿಗೆ? ಎಷ್ಟು ದೂರ? ಎಷ್ಟು ಹೊತ್ತು?” ಎಂದು ಕೇಳಿದೆ. ಅವನು ಉತ್ತರ ಹೇಳುತ್ತಾ ಹೋದಂತೆ ಒಂದೊಂದು ಪೆಟ್ಟಿಗೆ ಹಿಂದಕ್ಕೆ ಸರಿಯಿತು. ಕಯಾಕ್ ಎಂದರೆ ಲಾರಿಯಲ್ಲ, ಸೈಕಲ್. ದೊಡ್ಡ ಪರದೆ ಎಂದರೆ ದೊಡ್ಡ ಬ್ಯಾಟರಿ. ದೊಡ್ಡ ಬ್ಯಾಟರಿ ಎಂದರೆ ಹೊರುವ ಭಾರ. ಹುಟ್ಟು ಬೀಸುವ ಕೈಗೆ ಅಡ್ಡ ಬರುವಂಥದು, ಗಾಳದ ದಾರ ಸಿಕ್ಕಿಕೊಳ್ಳುವಂಥದು ಎಷ್ಟು ಚೆಂದವಿದ್ದರೂ ಪ್ರಯೋಜನವಿಲ್ಲ. ಎಡಬಲ ನೋಡುವ ಚಿತ್ರವನ್ನು ಸಣ್ಣ ಪರದೆಯಲ್ಲಿ ಎರಡು ಪಾಲು ಮಾಡಿದರೆ ಒಂದೊಂದು ಪಾಲೂ ಅಂಚೆ ಚೀಟಿಯಾಗುತ್ತದೆ. ಕೊನೆಗೆ ಐದು ಅಂಗುಲದ್ದಕ್ಕೆ ಬಂದು ನಿಂತೆವು. ಮೂರು ಸಂಗತಿ ಮಾತ್ರ ಬಿಡಲಿಲ್ಲ. ಬಿಸಿಲಿನಲ್ಲಿ ಕಾಣುವ ಪರದೆ ಇರಬೇಕು. ಅದನ್ನು ಅಂಗಡಿಯ ಹೊರಗೆ ಒಯ್ದೇ ನೋಡಿದೆವು, ಸೀರೆಯ ಬಣ್ಣವನ್ನು ಬಾಗಿಲಿಗೆ ಒಯ್ದು ನೋಡುವುದಿಲ್ಲವೇ. ಮೀನು ಸಿಕ್ಕಿದ ಜಾಗವನ್ನೂ ಮರಳಿ ಬರುವ ದಾರಿಯನ್ನೂ ಗುರುತಿಟ್ಟುಕೊಳ್ಳುವ ಜಿಪಿಎಸ್ ಇರಬೇಕು. ಮಂಜು ಕವಿದರೆ ಹುಡುಗ ದಡ ಸೇರಬೇಕಲ್ಲ, ಇದು ನನ್ನ ಹಟ. ಮೂರನೆಯದು ಅವನ ಹಟ: ದೋಣಿಯ ನೇರ ಕೆಳಗಿರುವುದನ್ನು ಪೆನ್ಸಿಲ್ಲಿನಲ್ಲಿ ಬರೆದ ಹಾಗೆ ಸಣ್ಣಸಣ್ಣ ಗೆರೆಯಲ್ಲಿ ತೋರಿಸುವ ಡೌನ್ ಇಮೇಜಿಂಗ್. ಬೇಡ ಎನ್ನಬೇಕೆಂದಿದ್ದೆ. ಅನ್ನಲಿಲ್ಲ.

ಬ್ಯಾಟರಿಯ ವಿಚಾರ ಹೇಳಲೇಬೇಕು, ಜನ ಎಡವುವುದು ಅಲ್ಲಿ. ಹಳೆಯದಕ್ಕೆ ಇದ್ದದ್ದು ಸೀಸದ ಬ್ಯಾಟರಿ. 12 ವೋಲ್ಟ್, 7 ಆಂಪಿಯರ್-ಅವರ್, ಭಾರ ಎರಡು ಕಿಲೋಗೂ ಹೆಚ್ಚು. ಹುಡುಗ ಒಂದು ಇಡೀ ಚಳಿಗಾಲ ಅದನ್ನು ಖಾಲಿಯಾಗಿಯೇ ಬಿಟ್ಟು ಕೊಂದಿದ್ದ. ಸೀಸದ ಬ್ಯಾಟರಿಯನ್ನು ತುಂಬಿಸಿಯೇ ಎತ್ತಿಡಬೇಕು, ನಡುನಡುವೆ ಮತ್ತೆ ಚಾರ್ಜ್ ಮಾಡಬೇಕು. ನಾವು ಈ ಸಲ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತಂದೆವು. ಅದರ ಭಾರ ಸೀಸದ್ದರ ಅರ್ಧದಷ್ಟು. ನಮ್ಮ ಯಂತ್ರ ಕುಡಿಯುವುದು ಒಂದು ಆಂಪಿಯರ್‌ಗಿಂತ ಕಡಿಮೆ, ಆದ್ದರಿಂದ ಬೆಳಗಿನಿಂದ ಮಧ್ಯಾಹ್ನದವರೆಗೆ ಯೋಚನೆಯಿಲ್ಲ. ಇದನ್ನು ಎತ್ತಿಡುವಾಗ ಪೂರ್ತಿ ತುಂಬಿಸುವುದೂ ಬೇಡ, ಖಾಲಿ ಮಾಡುವುದೂ ಬೇಡ, ಅರ್ಧ ಇದ್ದರೆ ಒಳ್ಳೆಯದು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಚಾರ್ಜ್ ಮಾಡಲೇಬಾರದು. ಹಾಗಾಗಿ ಅದು ಗ್ಯಾರೇಜು ಬಿಟ್ಟು ಒಳಗಿನ ಕಪಾಟು ಸೇರಿತು. ತಂತಿಯ ನಡುವೆ ಪುಸ್ತಕದಲ್ಲಿ ಹೇಳಿದಷ್ಟೇ ಶಕ್ತಿಯ ಫ್ಯೂಸ್ ಹಾಕಬೇಕು. ಅದನ್ನು ಅಳಿಯಂದಿರು ಹಾಕಿದರು.

ಟ್ರಾನ್ಸ್‌ಡ್ಯೂಸರನ್ನು ಎಲ್ಲಿ ಕೂರಿಸುವುದು ಎಂಬುದರ ಬಗ್ಗೆ ಅಪ್ಪ-ಮಗನಿಗೆ ಎರಡು ದಿನ ವಾದ. ದೋಣಿಯ ಒಳಮೈಗೆ ಅಂಟಿಸಿದರೆ ತೂತು ಕೊರೆಯುವ ಕಷ್ಟವಿಲ್ಲ, ಸದ್ದು ಪ್ಲಾಸ್ಟಿಕ್ಕನ್ನು ದಾಟಿ ಹೋಗುತ್ತದೆ. ಆದರೆ ಅಂಟಿನಲ್ಲಿ ಒಂದು ಗುಳ್ಳೆ ಗಾಳಿ ಉಳಿದರೂ ಯಂತ್ರ ಕುರುಡು. ನೀರಿನ ತಾಪ ಸರಿಯಾಗಿ ಹೇಳುವುದಿಲ್ಲ, ಆ ಪೆನ್ಸಿಲ್ ಗೆರೆಯ ಚಿತ್ರವೂ ಚೆನ್ನಾಗಿ ಬರುವುದಿಲ್ಲ. ದೋಣಿಯ ತಳದಲ್ಲಿ ನೀರು ಬಸಿಯುವ ತೂತುಗಳಿವೆ, ಅಲ್ಲಿಗೆ ಸಿಕ್ಕಿಸಬಹುದು. ಹಾಗೆ ಮಾಡಿದರೆ ದಡದಲ್ಲಿ ಎಳೆಯುವಾಗ ಕಲ್ಲಿಗೆ ಉಜ್ಜಿ ಹಾಳಾಗುವ ಭಯ. ಪಕ್ಕದಲ್ಲಿ ಒಂದು ಕೋಲು ಕಟ್ಟಿ ಇಳಿಬಿಟ್ಟರು. ದಡ ಬಂದಾಗ ಎತ್ತಿಬಿಟ್ಟರಾಯಿತು. ಕಂತೆಯಲ್ಲಿ ತಂತಿ ಉದ್ದವಾಗಿ ಉಳಿದಿತ್ತು. ಕತ್ತರಿಸೋಣವೆಂದು ನಾನು ಕತ್ತರಿ ತಂದೆ. ಇಬ್ಬರೂ ಒಟ್ಟಿಗೆ ಚೀರಿದರು. ಆ ತಂತಿಯನ್ನು ಕತ್ತರಿಸಬಾರದು, ಸಡಿಲವಾಗಿ ಸುತ್ತಿಡಬೇಕು. ಅಂದಿನಿಂದ ನನ್ನನ್ನು ಯಂತ್ರದ ಹತ್ತಿರ ಬರಿಗೈಯಲ್ಲಿ ಮಾತ್ರ ಬಿಡುತ್ತಿದ್ದರು.

ಬುಧವಾರ ಬೆಳಿಗ್ಗೆ, ಜನ ಕಡಿಮೆ ಇರುವ ದಿನ ನೋಡಿ, ನನ್ನನ್ನೂ ಕರೆದುಕೊಂಡು ಹೋದರು. ಇಬ್ಬರು ಕೂರುವ ಕಯಾಕ್ ಬಾಡಿಗೆಗೆ ತಂದು ಯಂತ್ರವನ್ನು ಅದಕ್ಕೆ ಕಟ್ಟಿದರು. ನನಗೂ ಹುಡುಗನಿಗೂ ತೇಲುವ ಅಂಗಿ. ಅಳಿಯಂದಿರು ಇನ್ನೊಂದು ದೋಣಿಯಲ್ಲಿ ಪಕ್ಕದಲ್ಲೇ. ಸೀರೆ ಬಿಟ್ಟು ಮಗಳ ಪ್ಯಾಂಟು ಹಾಕಿಕೊಂಡಿದ್ದೆ. ಇದನ್ನು ಸಾಗರದಲ್ಲಿ ಯಾರಿಗೂ ಹೇಳಿರಲಿಲ್ಲ, ಈಗ ಬರೆದುಬಿಟ್ಟೆ.

ಪರದೆ ನೋಡಲು ಕಲಿಯುವುದು ಒಂದು ವಿದ್ಯೆ. ಚಿತ್ರ ಬಲದಿಂದ ಎಡಕ್ಕೆ ಸರಿಯುತ್ತಿರುತ್ತದೆ. ಬಲತುದಿಯ ಗೆರೆ ಮಾತ್ರ ಈಗ ನಮ್ಮ ಕೆಳಗಿರುವುದು. ಉಳಿದದ್ದೆಲ್ಲ ನಾವು ದಾಟಿ ಬಂದದ್ದು. ನಾನು ಎಡಭಾಗದಲ್ಲಿ ಮೀನು ತೋರಿಸಿ “ಅಲ್ಲಿ, ಅಲ್ಲಿ” ಎನ್ನುತ್ತಿದ್ದೆ, ಹುಡುಗ ನಗುತ್ತಿದ್ದ. ಸದ್ದು ಕೆಳಗೆ ಹೋಗುತ್ತ ಶಂಖದ ಹಾಗೆ ಅಗಲವಾಗುತ್ತದೆ. 20 ಡಿಗ್ರಿಯ ಕಿರಿದಾದ ಶಂಖ 30 ಅಡಿ ಆಳದಲ್ಲಿ ನೋಡುವುದು ಸುಮಾರು 10 ಅಡಿ ಅಗಲವನ್ನು. 60 ಡಿಗ್ರಿಯದಾದರೆ ಹೆಚ್ಚುಕಡಿಮೆ ಆಳದಷ್ಟೇ ಅಗಲ. ಮೀನು ಆ ಶಂಖವನ್ನು ದಾಟಿ ಹೋದರೆ ಕಮಾನಿನಂತೆ ಬಾಗಿದ ಗೆರೆ ಬೀಳುತ್ತದೆ. ಯಂತ್ರ ತಾನಾಗಿಯೇ ಮುದ್ದುಮುದ್ದಾದ ಮೀನಿನ ಗೊಂಬೆಗಳನ್ನು ತೋರಿಸುವ ವ್ಯವಸ್ಥೆಯೂ ಇದೆ. ಹುಡುಗ ಅದನ್ನು ಮೊದಲೇ ಆರಿಸಿದ್ದ. ಅದು ಕೊಂಬೆಯನ್ನೂ ಗುಳ್ಳೆಯನ್ನೂ ಮೀನು ಎನ್ನುತ್ತದಂತೆ. ಮೆತ್ತನೆಯ ಕೆಸರು ತೆಳು ಗೆರೆಯಾಗಿ ಕಾಣುತ್ತದೆ, ಗಟ್ಟಿ ನೆಲ ದಪ್ಪ ಗೆರೆಯಾಗಿ ಹೊಳೆಯುತ್ತದೆ.

ಒಂದು ಕೊಲ್ಲಿಯ ಬಾಯಲ್ಲಿ ಆ ದಪ್ಪ ಗೆರೆ ಬಂತು. ಚಪ್ಪಟೆ, ನೇರ. ಅಳಿಯಂದಿರು “ಅತ್ತೆ, ಅದು ಹಳೇ ರಸ್ತೆ” ಎಂದರು. ಸ್ವಲ್ಪ ಮುಂದೆ ಆಳ ಒಮ್ಮೆಲೇ ಹೆಚ್ಚಿತು. ಆ ಪೆನ್ಸಿಲ್ ಚಿತ್ರದಲ್ಲಿ ಮರಗಳು ನಿಂತಿದ್ದವು. ಕಾಂಡ, ಕವಲು, ಕೊಂಬೆ. ನೀರಿನ ಕೆಳಗೆ, ನಿಂತ ಹಾಗೆಯೇ.

ಈ ಸರೋವರ ದೇವರು ಮಾಡಿದ್ದಲ್ಲ. ಚಟ್ಟಹೂಚಿ ನದಿಗೆ ಬ್ಯೂಫೋರ್ಡ್ ಅಣೆಕಟ್ಟು ಕಟ್ಟಿ 1956ರಲ್ಲಿ ನೀರು ನಿಲ್ಲಿಸಿದರು. ಹೊಲ, ಮನೆ, ರಸ್ತೆ ಎಲ್ಲ ಒಳಗೆ ಹೋದವು. ನೂರಾರು ಕುಟುಂಬ ಎದ್ದವು. ಅಳಿಯಂದಿರು ಹುಟ್ಟು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದರು: “ಸುಮಾರು ಇಪ್ಪತ್ತು ಸ್ಮಶಾನಗಳನ್ನೂ ಬೇರೆ ಕಡೆ ಸಾಗಿಸಿದರಂತೆ, ಅತ್ತೆ.”

ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ನನ್ನ ತವರು ಲಿಂಗನಮಕ್ಕಿಯ ಹಿನ್ನೀರಿನಲ್ಲಿದೆ. ಶರಾವತಿಗೆ ಕಟ್ಟಿದ ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ನನಗೆ ಆಗ ಎಂಟು ವರ್ಷ. ಲಾರಿಯಲ್ಲಿ ಬಾಗಿಲು-ಪಕಾಸಿ, ಬೀಸುಕಲ್ಲು, ಎರಡು ಹಸು, ಅಕ್ಕಿಮುಡಿ ಬಂದವು. ನೆಲಕ್ಕೆ ಹೂತ ಒರಳುಕಲ್ಲು ಬರಲಿಲ್ಲ. ಹಿತ್ತಿಲ ಹಲಸಿನ ಮರದ ಬುಡದಲ್ಲಿ, ಇಪ್ಪತ್ತು ದಿನ ಬದುಕಿದ್ದ ನನ್ನ ತಂಗಿಯನ್ನು ಮಣ್ಣು ಮಾಡಿದ್ದರು. ಅವಳೂ ಬರಲಿಲ್ಲ. ಅದರ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ. ಆದರೆ ಅವ್ವ ಪ್ರತಿ ಮಳೆಗಾಲ, ಜಗುಲಿಯಲ್ಲಿ ಬತ್ತಿ ಹೊಸೆಯುತ್ತ, ಯಾರಿಗೂ ಅಲ್ಲದ ಹಾಗೆ ಕೇಳುತ್ತಿದ್ದಳು: “ಈಗ ನಮ್ಮ ಹಿತ್ಲ ಮೇಲೆ ನೀರು ಎಷ್ಟ್ ಬಂದಿರಬಹುದೋ?”

ಯಾರಿಗೆ ಗೊತ್ತು? ಒಮ್ಮೆ ಮನೆಗೆ ಬಂದ ಎಂಜಿನಿಯರ್ ಒಬ್ಬರನ್ನೂ ಕೇಳಿದಳು. ಅವರು, ಗರಿಷ್ಠ ಮಟ್ಟ 1,819 ಅಡಿ ಎಂದು ಹೇಳಿ ಕಾಫಿ ಕುಡಿದು ಹೋದರು. ಅದು ಸಮುದ್ರ ಮಟ್ಟದಿಂದ ಎತ್ತರದ ಲೆಕ್ಕ. ಅವ್ವ, “ಹದಿನೆಂಟು ನೂರು ಅಡಿಯಾ! ಅಷ್ಟು ಕೆಳಗಾ!” ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡಳು. ನಾನು ಆಗ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಹಾಗಲ್ಲ ಅವ್ವ ಎಂದು ಬಿಡಿಸಿ ಹೇಳಬಹುದಿತ್ತು. ಏನೋ ಕೆಲಸದಲ್ಲಿದ್ದೆ. 1998ರಲ್ಲಿ ಅವ್ವ ಹೋದಳು, ಅದೇ ಲೆಕ್ಕ ಮನಸ್ಸಿನಲ್ಲಿಟ್ಟುಕೊಂಡು ಹೋದಳೋ ಏನೋ.

ಪರದೆಯ ಮೂಲೆಯಲ್ಲಿ ಅಂಕಿ ಬರುತ್ತಿತ್ತು. 38. 41. 44. ಯಾರನ್ನೂ ಕೇಳಬೇಕಾಗಿಲ್ಲ, ಕಾಫಿ ಕೊಡಬೇಕಾಗಿಲ್ಲ. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ಹುಡುಗ ನೋಡಿದ. “ಅಜ್ಜಿ, ಬಿಸಿಲಾ?” ಎಂದ. ಅಲ್ಲ ಎಂದೆ. ಮಗಳಿಗೂ ಹೇಳಿರದ ಕತೆಯನ್ನು ಆ ದೋಣಿಯಲ್ಲಿ ಅವನಿಗೆ ಹೇಳಿದೆ. ಹಿಂದೆ ಕೂತವನ ಮುಖ ಕಾಣುತ್ತಿರಲಿಲ್ಲ, ಅದೇ ಅನುಕೂಲವಾಯಿತು.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, ಯಂತ್ರವನ್ನು ಊರಿಗೆ ಒಯ್ಯಿ ಎಂದ. ಪ್ಯಾಂಟು ಹಾಕಿ ಹಿನ್ನೀರಿನಲ್ಲಿ ದೋಣಿ ಹತ್ತುವ ವಯಸ್ಸೇ ಮಾರಾಯ ಎಂದೆ. ಮತ್ತೆ ಯೋಚಿಸಿ ಕೇಳಿದ: “ನಿಮ್ಮ ಮನೆ ಜಾಗ ಯಾವಾಗಲಾದರೂ ಹೊರಗೆ ಬಂದಿತ್ತಾ?” ಬಂದಿತ್ತು. 2016ರ ಮಳೆ ಕೈಕೊಟ್ಟು, 2017ರ ಬೇಸಿಗೆಯಲ್ಲಿ ನೀರು ತುಂಬ ಇಳಿದಾಗ ನಾನೂ ಅಣ್ಣನೂ ಬಿರುಕುಬಿಟ್ಟ ಕೆಸರಿನಲ್ಲಿ ನಡೆದು ಹೋಗಿದ್ದೆವು. ಒರಳುಕಲ್ಲು ಸಿಕ್ಕಿತ್ತು. ನೀರು ಅದರ ಬುಡದಲ್ಲೇ ನಿಂತಿತ್ತು.

“ಹಾಗಾದರೆ ಆ ದಿನದ ಲೆವೆಲ್ ಎಷ್ಟು ಅಂತ ಗೊತ್ತಾದರೆ ಸಾಕು, ಅಜ್ಜಿ. ಇವತ್ತಿನ ಲೆವೆಲ್‌ನಿಂದ ಅದನ್ನು ಕಳೆದರೆ ಆಯ್ತಲ್ಲ. ಇಲ್ಲೂ ಹಂಗೇ ಮಾಡೋದು. ಲೇನಿಯರ್ ತುಂಬಿದರೆ 1,071.”

ಮೂವತ್ತು ವರ್ಷ ಕಳೆಯುವ ಲೆಕ್ಕ ಕಲಿಸಿದವಳು ನಾನು.

ಆ ದಿನ ಒಂದು ಮೀನು ಸಿಕ್ಕಿತು, ಮೈಮೇಲೆ ಚುಕ್ಕೆಯ ಬಾಸ್. ಬಿಟ್ಟುಬಿಟ್ಟ. ಬಿಡುವುದಾದರೆ ಹಿಡಿದದ್ದೇಕೆ ಎಂದು ನನಗೆ ಈಗಲೂ ಸಿಟ್ಟಿದೆ. ಮನೆಗೆ ಬಂದ ಮೇಲೆ ಯಂತ್ರದ ಆರೈಕೆಯನ್ನು ನನ್ನ ಕೈಗೇ ಕೊಟ್ಟ, ಪ್ರಾಯಶ್ಚಿತ್ತವಾಗಿ. ಮೆತ್ತನೆಯ ಬಟ್ಟೆಯಲ್ಲಿ ಪರದೆ ಒರೆಸಿದೆ. ಟ್ರಾನ್ಸ್‌ಡ್ಯೂಸರಿನ ಮುಖಕ್ಕೆ ಹತ್ತಿದ ಪಾಚಿಯನ್ನು ಸೌಮ್ಯ ಸೋಪಿನ ನೀರಿನಲ್ಲಿ ಬೆರಳಿನಿಂದ ತೊಳೆದೆ. ಪಾಚಿ ಕೂತರೆ ಸದ್ದು ಮಂಕಾಗುತ್ತದೆ. ಸಮುದ್ರಕ್ಕೆ ಹೋಗಿ ಬಂದರೆ ಎಲ್ಲವನ್ನೂ ಸಿಹಿನೀರಿನಲ್ಲಿ ತೊಳೆಯಬೇಕು, ಪೈಪಿನ ರಭಸದ ನೀರು ಮಾತ್ರ ಬೇಡ. ತಂತಿಯ ತುದಿಗಳನ್ನು ಪೂರ್ತಿ ಒಣಗಿಸಿಯೇ ಮುಚ್ಚಳ ಹಾಕಬೇಕು. ಉಪ್ಪಿನಕಾಯಿ ಭರಣಿಗೆ ಒದ್ದೆ ಚಮಚ ಹಾಕುವವರು ಯಾರು? ಬಿಸಿಲಿಗೆ ನಿಂತ ಕಾರಿನೊಳಗೆ ಇದನ್ನು ಬಿಟ್ಟು ಬರಬಾರದು.

ಊರಿಗೆ ಬಂದವಳು ಮರುದಿನವೇ ಅಣ್ಣನ ಮನೆಗೆ ಹೋದೆ. ಅಣ್ಣನಿಗೆ ಪತ್ರಿಕೆಯಲ್ಲಿ ಬರುವ ಲಿಂಗನಮಕ್ಕಿಯ ಮಟ್ಟವನ್ನು ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಬರೆದಿಡುವ ಚಟ. ಹಳೆಯ ಕ್ಯಾಲೆಂಡರ್ ಎಸೆಯುವವನೂ ಅಲ್ಲ. ಅಟ್ಟ ಹತ್ತಿಸಿ 2017ರದ್ದನ್ನು ಇಳಿಸಿದೆ. ಮೇ ತಿಂಗಳ ಹಾಳೆಯಲ್ಲಿ, ಹಾಲಿನ ಲೆಕ್ಕದ ಪಕ್ಕ, ಪೆನ್ಸಿಲ್ಲಿನಲ್ಲಿ 1757 ಎಂದಿತ್ತು. ಅತ್ತಿಗೆ, “ಇದಕ್ಕಾ ಇಷ್ಟೊಂದು ಧೂಳು ಕುಡಿದಿದ್ದು?” ಎಂದರು.

ಅಂದಿನ ಪತ್ರಿಕೆಯಲ್ಲಿ ಮಟ್ಟ 1803 ಇತ್ತು. ನಲವತ್ತಾರು ಅಡಿ. ಹಿತ್ತಿಲು ಮನೆಗಿಂತ ಎರಡು ಮೆಟ್ಟಿಲು ಮೇಲಿತ್ತು, ಅಲ್ಲಿಗೆ ಒಂದೆರಡು ಅಡಿ ಕಡಿಮೆ. ಅಣ್ಣ ಕನ್ನಡಕ ತೆಗೆದು ಆ ಅಂಕಿಯನ್ನೇ ನೋಡಿದ. “ನಮ್ಮ ಮನೆ ಎದುರಿನ ತೆಂಗಿನಮರದಷ್ಟೇ ಅಲ್ಲನೇ” ಎಂದ.

ಈಗ ಭಾನುವಾರ ಫೋನು ಮಾಡಿದಾಗ ಹುಡುಗ ಮೊದಲು ಕೇಳುವುದು ಅದನ್ನೇ. ನಾನು ಪತ್ರಿಕೆ ನೋಡಿ ಹೇಳುತ್ತೇನೆ, ಅವನು ಆ ಕಡೆಯಿಂದ ಕಳೆದು ಹೇಳುತ್ತಾನೆ. ಆಮೇಲೆ ನಾನು ಕೇಳುತ್ತೇನೆ, ಬ್ಯಾಟರಿ ಒಳಗಿಟ್ಟೆಯಾ, ಅರ್ಧ ಇದೆಯಾ, ಪರದೆಗೆ ಬಟ್ಟೆ ಹೊದಿಸಿದೆಯಾ ಎಂದು. ಹೋದ ವಾರ ಹೊದಿಸಿರಲಿಲ್ಲ. ಫೋನು ಹಿಡಿದುಕೊಂಡೇ ಗ್ಯಾರೇಜಿಗೆ ಕಳಿಸಿದೆ.